ವಿಭಜನೆ ನಿಂತ ಮೇಲೂ ಹಿಸ್ಟೋನ್ ಜೀನ್‌ಗಳು ಏರಿದಂತೆ ಕಾಣುವುದು ಏಕೆ? (ಸಿ2ಸಿ12, ಪಾಲಿ-ಎ ಆರ್‌ಎನ್‌ಎ-ಸೀಕ್)

ಸ್ನಾಯುತಂತು:
ಇಲಿಯ ಸಿ2ಸಿ12 ಮಯೋಬ್ಲಾಸ್ಟ್‌ಗಳು (ಸ್ನಾಯುವಾಗಬಲ್ಲ ಕೋಶಗಳು) ತಟ್ಟೆ ತುಂಬಿದ ಮೇಲೆ 2% ಕುದುರೆ ಸೀರಮ್‌ಗೆ ಬದಲಿಸಿ, 5ನೇ ದಿನ ಆರ್‌ಎನ್‌ಎ ತೆಗೆದು ಪಾಲಿ-ಎ ಲೈಬ್ರರಿ (ಎ ಸರಣಿಯ ಬಾಲವಿರುವ ಆರ್‌ಎನ್‌ಎಗಳನ್ನಷ್ಟೇ ಓದುವುದು) ಮಾಡಿಸಿದ್ದೇನೆ. ವಿಭಜನೆಯ ಗುರುತಾದ ಸೈಕ್ಲಿನ್ ಎ2 ಇಳಿದಿದೆ, ಸ್ನಾಯುವಾಗುವಿಕೆಯ ಗುರುತಾದ ಮಯೋಜೆನಿನ್ ಏರಿದೆ. ಆದರೆ ಹಿಸ್ಟೋನ್ (ಡಿಎನ್‌ಎಯನ್ನು ಮಡಿಚಿಡುವ ಪ್ರೋಟೀನ್) ಜೀನ್‌ಗಳಾದ ಹಿಸ್ಟ್1ಎಚ್2ಬಿಸಿ, ಹಿಸ್ಟ್1ಎಚ್1ಸಿ ಎರಡೂ ಮಯೋಟ್ಯೂಬ್‌ಗಳಲ್ಲಿ (ಕೋಶಗಳು ಬೆಸೆದು ಆದ ಸ್ನಾಯುನಾಳ) ಹೆಚ್ಚಾಗಿವೆ. ಡಿಎನ್‌ಎ ನಕಲು ನಿಂತರೆ ಇವೂ ನಿಲ್ಲಬೇಕಲ್ಲವೇ? ಲೈಬ್ರರಿಯಲ್ಲಿ ತಪ್ಪಿದೆಯೇ, ಕೋಶಗಳು ಸರಿಯಾಗಿ ನಿಂತಿಲ್ಲವೇ?

ಕಾಂಡಕುಣಿಕೆ:
ಎರಡೂ ಅಲ್ಲದಿರಬಹುದು. ಎಸ್ ಹಂತದ (ಡಿಎನ್‌ಎ ನಕಲಾಗುವ ಹಂತ) ಹಿಸ್ಟೋನ್ ಎಂಆರ್‌ಎನ್‌ಎಗೆ ಪಾಲಿ-ಎ ಬಾಲವೇ ಇಲ್ಲ, ತುದಿಯಲ್ಲಿರುವುದು ಒಂದು ಸ್ಟೆಮ್-ಲೂಪ್ (ಮಡಚಿದ ಕುಣಿಕೆ). ಅದನ್ನು ಎಸ್‌ಎಲ್‌ಬಿಪಿ ಎಂಬ ಪ್ರೋಟೀನ್ ಹಿಡಿದುಕೊಂಡಾಗ ಯು7 ಎಸ್‌ಎನ್‌ಆರ್‌ಎನ್‌ಪಿ ಎಂಬ ಆರ್‌ಎನ್‌ಎ-ಪ್ರೋಟೀನ್ ಕೂಟ ಬಂದು ಸೇರಿ, ಲೂಪ್ ದಾಟಿದ ಕೂಡಲೇ ಕತ್ತರಿ ಬೀಳುತ್ತದೆ. ಹಾಗಾಗಿ ಪಾಲಿ-ಎ ಬಾಲ ಹಿಡಿಯುವ ಓಲಿಗೋ-ಡಿಟಿ ಮಣಿಗಳು ವಿಭಜಿಸುವ ಕೋಶಗಳ ಹಿಸ್ಟೋನ್ ಸಂದೇಶದ ಬಹುಪಾಲನ್ನು ಹಿಡಿಯುವುದೇ ಇಲ್ಲ. ನಿಮ್ಮ ಮಯೋಬ್ಲಾಸ್ಟ್ ಅಂಕಿ ಕಡಿಮೆ ಕಾಣುವುದು ಅದಕ್ಕೇ.

ಎಸ್ ಹಂತ ಮುಗಿಯುತ್ತಿದ್ದಂತೆ ಎಸ್‌ಎಲ್‌ಬಿಪಿ ನಾಶವಾಗುತ್ತದೆ. ಕೋಶಚಕ್ರದಿಂದ ಹೊರಬಿದ್ದ ಕೋಶದಲ್ಲಿ ಅದರ ಮಟ್ಟ ತೀರಾ ಕಡಿಮೆ. ಆಗ ಕೆಲವು ಜೀನ್‌ಗಳಲ್ಲಿ ಪ್ರತಿಲೇಖನ ಲೂಪ್ ದಾಟಿ ಮುಂದೆ ಸಾಗಿ, ಕೆಳಗಿನ ಪಾಲಿ-ಎ ಸಂಕೇತದಲ್ಲಿ ಮುಗಿಯುತ್ತದೆ. ನೀವು ಹೆಸರಿಸಿದ ಎರಡೂ ಈ ಗುಂಪಿನವು. ಅಂದರೆ ಪಾಲಿ-ಎ ರೂಪ ನಿಜವಾಗಿಯೂ ಏರಿದೆ, ಒಟ್ಟು ಹಿಸ್ಟೋನ್ ಎಂಆರ್‌ಎನ್‌ಎ ಮಾತ್ರ ಇಳಿದಿರುತ್ತದೆ.

ಖಚಿತಪಡಿಸಲು ಅದೇ ಆರ್‌ಎನ್‌ಎಯಿಂದ ಎರಡು ಸಿಡಿಎನ್‌ಎ (ಆರ್‌ಎನ್‌ಎಯ ಡಿಎನ್‌ಎ ಪ್ರತಿ) ಮಾಡಿ: ಒಂದು ರ್‍ಯಾಂಡಮ್ ಹೆಕ್ಸಾಮರ್‌ನಿಂದ (ಬಾಲವಿರಲಿ ಬಿಡಲಿ, ಎಲ್ಲ ಆರ್‌ಎನ್‌ಎಗೂ ಕೂರುವ ಚೂರುಗಳು), ಇನ್ನೊಂದು ಓಲಿಗೋ-ಡಿಟಿಯಿಂದ. ಪಿಸಿಆರ್‌ಗೆ ಒಂದು ಪ್ರೈಮರ್ ಜೋಡಿ ಕೋಡಿಂಗ್ ಭಾಗದೊಳಗೆ ಇರಲಿ, ಅದು ಎರಡೂ ರೂಪಗಳನ್ನು ಎಣಿಸುತ್ತದೆ. ಇನ್ನೊಂದು ಜೋಡಿಯ ರಿವರ್ಸ್ ಪ್ರೈಮರ್ ಪೂರ್ತಿಯಾಗಿ ಸ್ಟೆಮ್-ಲೂಪ್‌ನ ಆಚೆ ಕೂರಬೇಕು, ಆಗ ಲೂಪ್ ದಾಟಿದ ರೂಪ ಮಾತ್ರ ಸಿಗುತ್ತದೆ. ಈ ಜೀನ್‌ಗಳಲ್ಲಿ ಇಂಟ್ರಾನ್ ಇಲ್ಲ, ಜೀನೋಮಿಕ್ ಡಿಎನ್‌ಎ ಬೆರೆತರೆ ಅದೇ ಉದ್ದದ ಪಟ್ಟಿಯೇ ಬರುತ್ತದೆ. ಡಿಎನ್‌ಎ ಕತ್ತರಿಸುವ ಡಿಎನ್‌ಏಸ್ ಹಾಕಿ, ಆರ್‌ಟಿ (ಸಿಡಿಎನ್‌ಎ ಮಾಡುವ ಕಿಣ್ವ) ಇಲ್ಲದ ಕಂಟ್ರೋಲ್ ಪ್ರತಿ ಸ್ಯಾಂಪಲ್‌ಗೂ ಇಡಿ. ಬೀಟಾ ಆ್ಯಕ್ಟಿನ್ ರೆಫರೆನ್ಸ್ ಆಗಿ ಬೇಡ, ಮಯೋಟ್ಯೂಬ್‌ನಲ್ಲಿ ಅದೇ ಇಳಿಯುತ್ತದೆ.

ಎಸ್‌ಹಂತ:
ಮೇಲಿನದಕ್ಕೆ ಒಂದು ಒಳ್ಳೆಯ ಕಂಟ್ರೋಲ್ ಸೇರಿಸುತ್ತೇನೆ. ಬೆಳೆಯುತ್ತಿರುವ ಮಯೋಬ್ಲಾಸ್ಟ್‌ಗಳಿಗೆ 5 ಮಿಲಿಮೋಲಾರ್ ಹೈಡ್ರಾಕ್ಸಿಯೂರಿಯಾ 1 ಗಂಟೆ ಕೊಡಿ. ಡಿಎನ್‌ಎ ನಕಲು ನಿಂತ ತಕ್ಷಣ ಸ್ಟೆಮ್-ಲೂಪ್ ರೂಪ ಚೂರಾಗತೊಡಗುತ್ತದೆ, ಪಾಲಿ-ಎ ರೂಪಕ್ಕೆ ಆ ಅವಸರವಿಲ್ಲ. ಕೋಡಿಂಗ್ ಜೋಡಿಯ ಸಂಕೇತ ಕುಸಿದು, ಲೂಪ್ ಆಚೆಯ ಜೋಡಿಯದು ಉಳಿದರೆ ಪ್ರೈಮರ್‌ಗಳು ಸರಿ ಎಂದರ್ಥ.

ಕೋಶಗಳು ನಿಂತಿವೆಯೇ ಎಂಬ ಪ್ರಶ್ನೆಯನ್ನೂ ಬಿಡಬೇಡಿ. ಸಿ2ಸಿ12 ತಟ್ಟೆಯಲ್ಲಿ ಬೆಸೆಯದ ಒಂಟಿ ಕೋಶಗಳು ಯಾವಾಗಲೂ ಉಳಿಯುತ್ತವೆ. 10 ಮೈಕ್ರೋಮೋಲಾರ್ ಇಡಿಯು (ಹೊಸ ಡಿಎನ್‌ಎಗೆ ಸೇರುವ ಗುರುತು) 1 ಗಂಟೆ ಕೊಟ್ಟು, ಮಯೋಟ್ಯೂಬಿನ ಗುರುತಾದ ಮಯೋಸಿನ್ ಹೆವಿ ಚೈನ್ ಜೊತೆ ಬಣ್ಣ ಹಾಕಿ, ಇಡಿಯು ಹೊಳೆಯುವ ನ್ಯೂಕ್ಲಿಯಸ್‌ಗಳು ಟ್ಯೂಬಿನೊಳಗಿವೆಯೋ ಹೊರಗಿವೆಯೋ ಎಣಿಸಿ. ಆ ಒಂಟಿ ಕೋಶಗಳನ್ನು ತೆಗೆಯಲು ಅರಾ-ಸಿ ಹಾಕುವವರಿದ್ದಾರೆ. ಅದೂ ಡಿಎನ್‌ಎ ನಕಲನ್ನೇ ತಡೆಯುವ ವಸ್ತು, ತಾನಾಗಿಯೇ ಹಿಸ್ಟೋನ್ ಎಂಆರ್‌ಎನ್‌ಎ ಬೀಳಿಸುತ್ತದೆ. ಈ ಪ್ರಯೋಗದ ತಟ್ಟೆಗೆ ಅದು ಬೇಡವೇ ಬೇಡ.

ಸ್ನಾಯುತಂತು:
ಇಬ್ಬರಿಗೂ ಧನ್ಯವಾದ. ಪ್ರೋಟೀನ್ ಮಟ್ಟದಲ್ಲಿ ಏನು ನೋಡಬೇಕು? ಸಾಮಾನ್ಯ ಎಚ್3 (ಒಂದು ಕೋರ್ ಹಿಸ್ಟೋನ್) ವೆಸ್ಟರ್ನ್ (ಪ್ರತಿಕಾಯದಿಂದ ಪ್ರೋಟೀನ್ ಪಟ್ಟಿ ನೋಡುವ ವಿಧಾನ) ಸಾಕೇ?

ಕಾಂಡಕುಣಿಕೆ:
ಸಾಲದು. ಕೋಶ ಒಡೆಯದಿದ್ದರೆ ಹಳೆಯ ಹಿಸ್ಟೋನ್ ಹಂಚಿಹೋಗುವುದಿಲ್ಲ, ಒಟ್ಟು ಎಚ್3 ಪಟ್ಟಿ ಕದಲದೆ ಇರುತ್ತದೆ. ಬದಲಾಗುವುದು ಒಳಗಿನ ಪಾಲು. ಎಚ್3ರ ಒಂದು ಬಗೆಯಾದ ಎಚ್3.3 ಎರಡು ಜೀನ್‌ಗಳಿಂದ ಬರುತ್ತದೆ, ಅವಕ್ಕೆ ಇಂಟ್ರಾನ್ ಉಂಟು, ಪಾಲಿ-ಎ ಬಾಲ ಉಂಟು, ಎಸ್ ಹಂತದ ಹಂಗಿಲ್ಲ. ಎಸ್ ಹಂತದ ಬಗೆಯಾದ ಎಚ್3.2ಗೂ ಇದಕ್ಕೂ ಬರೀ 4 ಅಮೈನೋ ಆಮ್ಲಗಳ ವ್ಯತ್ಯಾಸ, ಆದ್ದರಿಂದ ಎಚ್3.3ಗೆ ಮೀಸಲಾದ ಪ್ರತಿಕಾಯ ಅಥವಾ ಮಾಸ್ ಸ್ಪೆಕ್ ಬೇಕು. ಇಲಿಯ ನರಕೋಶಗಳಲ್ಲಿ ವಯಸ್ಸಾದಂತೆ ಎಚ್3ರ ಬಹುಪಾಲು ಎಚ್3.3 ಆಗಿಬಿಡುತ್ತದೆ. 5 ದಿನದ ಮಯೋಟ್ಯೂಬ್‌ನಲ್ಲಿ ಅಷ್ಟನ್ನು ನಿರೀಕ್ಷಿಸಬೇಡಿ.

ಎಚ್1.0 ಕೂಡ ನೋಡಿ, ವಿಭೇದನೆಯಲ್ಲಿ ಕೂಡಿಕೊಳ್ಳುವ ಲಿಂಕರ್ ಹಿಸ್ಟೋನ್ (ಕೋರ್ ಗುಂಡುಗಳ ನಡುವಿನ ಡಿಎನ್‌ಎಗೆ ಅಂಟುವುದು) ಅದು. 5% ಪರ್‌ಕ್ಲೋರಿಕ್ ಆಮ್ಲದಲ್ಲಿ ಎಚ್1 ಕುಟುಂಬ ಕರಗುತ್ತದೆ, ಕೋರ್ ಹಿಸ್ಟೋನ್‌ಗಳು ಗಸಿಯಲ್ಲಿ ಉಳಿಯುತ್ತವೆ. ತಿಳಿಗೆ ಟಿಸಿಎಯನ್ನು (ಟ್ರೈಕ್ಲೋರೋಅಸೆಟಿಕ್ ಆಮ್ಲ) 33%ವರೆಗೆ ಸೇರಿಸಿ ಮಂಜುಗಡ್ಡೆಯಲ್ಲಿಡಿ. ಕಡಿಮೆ ಹಾಕಿದರೆ ಎಚ್1 ತಳ ಸೇರದೆ ತಿಳಿಯ ಜೊತೆಗೇ ಚೆಲ್ಲಿಹೋಗುತ್ತದೆ.