ಸಹಾಯ ಬೇಕು: ಕುರ್‌ಆನಿನ ಎರಡು ಪದಗಳಿಗೆ ಕನ್ನಡದಲ್ಲಿ ಏನೆನ್ನಬೇಕು?

ಬಳಗದ ಹಿರಿಯರಿಗೆ ನಮಸ್ಕಾರ. ವಿಜಯಪುರದಲ್ಲಿ ಎಂ.ಎ. ಓದುತ್ತಿರುವ ನಾನು, ಕುರ್‌ಆನಿನಲ್ಲಿ ಹೆಣ್ಣನ್ನು ಬಣ್ಣಿಸುವ ಪದಗಳನ್ನು ಕನ್ನಡಕ್ಕೆ ತರುವ ಬಗೆಯನ್ನು ಕುರಿತು ಕಿರುಪ್ರಬಂಧ ಬರೆಯುತ್ತಿದ್ದೇನೆ. ಎರಡನೆಯ ಅಧ್ಯಾಯದ 187ನೆಯ ವಚನವು ಪತ್ನಿಯರನ್ನು ಪತಿಯರಿಗೂ ಪತಿಯರನ್ನು ಪತ್ನಿಯರಿಗೂ ‘ಲಿಬಾಸ್’ ಎನ್ನುತ್ತದೆ. ನಮ್ಮ ಪಕ್ಕದ ಮನೆಯ ಖಾಲಾ ಒಗೆದ ಬಟ್ಟೆ ಮಡಚುತ್ತ ಆಡುವ ಮಾತೇ ಇದಾದ್ದರಿಂದ, ‘ಉಡುಪು’ ಎಂದು ಬರೆದಾಗಲೆಲ್ಲ ಅದರ ಮೈಗಂಟಿದ ಆಪ್ತತೆ ಸೋರಿಹೋದಂತೆ ನನಗನಿಸುತ್ತದೆ. ಅದೇ ಅಧ್ಯಾಯದ 223ನೆಯ ವಚನವು ಪತ್ನಿಯರನ್ನು ಕರೆಯುವ ‘ಹರ್ಸ್’ ಪದ ಇನ್ನೂ ಕಠಿಣ. ‘ಹೊಲ’ ಎಂದರೆ ಒಡೆತನದ ಧ್ವನಿ ಬರುತ್ತದೆ, ಆದರೆ ಎರೆಮಣ್ಣಿಗೆ ಕೈಮುಗಿದು ಜೋಳ ಬಿತ್ತುವ ನಮ್ಮ ಕಡೆಯವರಿಗೆ ಹೊಲವೆಂದರೆ ಬರಿಯ ಆಸ್ತಿಯಲ್ಲ. ಇನ್ನು 33ನೆಯ ಅಧ್ಯಾಯದ 35ನೆಯ ವಚನವು ಪುರುಷರನ್ನೂ ಸ್ತ್ರೀಯರನ್ನೂ 10 ಜೋಡಿಗಳಲ್ಲಿ ಬೇರೆಬೇರೆಯಾಗಿಯೇ ಕರೆಯುತ್ತದೆ. ‘ವಿಶ್ವಾಸಿಗಳು’ ಎಂದು ಒಟ್ಟಿಗೆ ಬರೆದರೆ ಆ ಸ್ತ್ರೀಯರೇ ಮರೆಯಾಗುತ್ತಾರೆ. ಅರಬ್ಬಿ ಬಲ್ಲವರು, ‘ಹರ್ಸ್’ ಪದದ ಮೂಲಾರ್ಥವನ್ನೂ ತಮ್ಮ ಮನೆಗಳಲ್ಲಿ ಅದನ್ನು ಕನ್ನಡದಲ್ಲಿ ವಿವರಿಸುವ ರೀತಿಯನ್ನೂ ದಯವಿಟ್ಟು ತಿಳಿಸಿ.