ಗಿಟ್‌ನಲ್ಲಿ ಫೈಲ್‌ಗಳ ಹಳೆ ತಾರೀಖು ಉಳಿಸೋದು ಹೇಗೆ? ನಿಮ್ಮ ಅನುಭವ ಹೇಳಿ

ಕೊಪ್ಪಳದಿಂದ ಪ್ರಶ್ನೆ:
ಕಿನ್ನಾಳ ಗೊಂಬೆಗಳ ವೆಬ್‌ಸೈಟ್ ಒಂದನ್ನು ನೋಡಿಕೊಳ್ಳುತ್ತೇನೆ. ಫೋಟೋ, ಬರಹ ಎಲ್ಲ ಗಿಟ್‌ನಲ್ಲಿವೆ (ಫೈಲ್‌ಗಳ ಬದಲಾವಣೆಗಳ ದಾಖಲೆ ಇಡುವ ಸಾಫ್ಟ್‌ವೇರ್). ಹೊಸ ಲ್ಯಾಪ್‌ಟಾಪ್‌ಗೆ ಕ್ಲೋನ್ ಮಾಡಿದೆ, ಅಂದರೆ ಪೂರ್ತಿ ನಕಲು ಇಳಿಸಿಕೊಂಡೆ. ನೋಡಿದರೆ ಪ್ರತಿ ಫೈಲಿಗೂ ಇವತ್ತಿನದೇ ತಾರೀಖು! ತಾರೀಖು ನೋಡಿ ಹೊಸದನ್ನಷ್ಟೇ ಸರ್ವರ್‌ಗೆ ಕಳಿಸುವ ನನ್ನ ಸ್ಕ್ರಿಪ್ಟ್, ರಾತ್ರಿಯೆಲ್ಲ ಕೂತು ಎಲ್ಲವನ್ನೂ ಮತ್ತೆ ಕಳಿಸಿತು. ನೀವೆಲ್ಲ ಏನು ಮಾಡುತ್ತೀರಿ?

ಬಳ್ಳಾರಿಯಿಂದ:
ಫೈಲ್ ಬದಲಾದ ಸಮಯವನ್ನು ಗಿಟ್ ಇಟ್ಟುಕೊಳ್ಳುವುದೇ ಇಲ್ಲ ಸರ್. ಕಮಿಟ್ ಮಾಡಿದ, ಅಂದರೆ ಬದಲಾವಣೆಯನ್ನು ಗಿಟ್‌ನಲ್ಲಿ ದಾಖಲಿಸಿದ ಸಮಯ ಮಾತ್ರ ಇರುತ್ತದೆ. ಬೇಕಂತಲೇ ಹಾಗೆ ಮಾಡಿದ್ದಾರೆ. ಯಾಕೆ ಅಂತ ನಾನು ಪೆಟ್ಟು ತಿಂದೇ ಕಲಿತೆ.

ಜೀನ್ಸ್ ಹೊಲಿಯುವ ಘಟಕವೊಂದಕ್ಕೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುತ್ತಿದ್ದೆ. ಬ್ರಾಂಚ್ (ಅದೇ ಕೋಡಿನ ಬೇರೊಂದು ಆವೃತ್ತಿ) ಬದಲಿಸಿದಾಗಲೆಲ್ಲ ಫೈಲಿಗೆ ಹಳೆ ತಾರೀಖು ಹಾಕುವ ಹುಕ್ (ತಾನಾಗೇ ಓಡುವ ಸ್ಕ್ರಿಪ್ಟ್) ಒಂದನ್ನು ಸೇರಿಸಿದ್ದೆ. ಒಂದು ದಿನ ಬೆಳಿಗ್ಗೆ 11ಕ್ಕೆ ಮುಖ್ಯ ಬ್ರಾಂಚ್ ಕಂಪೈಲ್ ಮಾಡಿದೆ, ಅಂದರೆ ಕೋಡನ್ನು ಓಡುವ ಪ್ರೋಗ್ರಾಂ ಆಗಿ ಬದಲಿಸಿದೆ. ಆಮೇಲೆ ಜಿಎಸ್‌ಟಿ ದರ ತಿದ್ದಿದ್ದ ಬ್ರಾಂಚ್‌ಗೆ ಹೋದೆ. ತೆರಿಗೆ ಫೈಲಿಗೆ ಹಿಂದಿನ ಮಂಗಳವಾರದ ತಾರೀಖು ಬಂತು. ಯಾವ ಫೈಲನ್ನು ಮತ್ತೆ ಕಂಪೈಲ್ ಮಾಡಬೇಕು ಅಂತ ನಿರ್ಧರಿಸುವ ಮೇಕ್ ಟೂಲ್ ನೋಡುವುದು ತಾರೀಖನ್ನಷ್ಟೇ. 11 ಗಂಟೆಗೆ ಕಂಪೈಲ್ ಆಗಿ ಬಂದ ಆಬ್ಜೆಕ್ಟ್ ಫೈಲೇ ಹೊಸದು ಅಂದುಕೊಂಡು ಅದನ್ನು ಮುಟ್ಟಲೇ ಇಲ್ಲ. ಪ್ರಿಂಟ್ ತೆಗೆದರೆ ಬಿಲ್ಲಿನಲ್ಲಿ ಹಳೆ ದರ! ಕೋಡ್ ಸರಿ ಇದೆ, ಬಿಲ್ ತಪ್ಪು. ಅರ್ಧ ದಿನ ಹುಡುಕಿದೆ. ಕಂಪೈಲ್ ಮಾಡುವ ಕೋಡ್ ಇರುವ ಕಡೆ ದಯವಿಟ್ಟು ತಾರೀಖು ಮುಟ್ಟಬೇಡಿ.

ಗಿಟ್‌ನಂಥದೇ ಇನ್ನೊಂದು ಸಾಫ್ಟ್‌ವೇರ್ ಆದ ಸಬ್‌ವರ್ಶನ್‌ನಲ್ಲಿ ಕಮಿಟ್ ಸಮಯವನ್ನೇ ಫೈಲಿಗೆ ಹಾಕುವ ಸೆಟ್ಟಿಂಗ್ ಇದೆ. ಅದನ್ನೂ ನಾವೇ ಆನ್ ಮಾಡಬೇಕು.

ರಾಯಚೂರಿನಿಂದ:
ನಿಮ್ಮದು ಬರೀ ವೆಬ್‌ಸೈಟ್ ಅಲ್ವಾ, ಹಾಗಾಗಿ ಅಷ್ಟು ಅಪಾಯವಿಲ್ಲ. ಆದರೂ ಮೊದಲು ಸ್ಕ್ರಿಪ್ಟ್ ಬದಲಿಸಿ. ಫೈಲ್ ಕಳಿಸುವ ಆರ್‌ಸಿಂಕ್ ಟೂಲ್‌ಗೆ ಚೆಕ್‌ಸಮ್ ಆಯ್ಕೆ ಕೊಟ್ಟರೆ ತಾರೀಖು ಬಿಟ್ಟು ಒಳಗಿರುವುದನ್ನೇ ಹೋಲಿಸುತ್ತದೆ. ಓದಲು ಸಮಯ ಜಾಸ್ತಿ ಬೇಕು, ಡೇಟಾ ಮಾತ್ರ ಸುಮ್ನೆ ಖರ್ಚಾಗಲ್ಲ.

ತಾರೀಖೇ ಬೇಕು ಅಂದರೆ ಗಿಟ್-ರಿಸ್ಟೋರ್-ಎಂಟೈಮ್ ಎಂಬ ಟೂಲ್ ಬಳಸಿ. ಪ್ರತಿ ಫೈಲಿಗೂ ಅದರ ಕೊನೆ ಕಮಿಟ್‌ನ ಸಮಯ ಹಾಕುತ್ತದೆ. ಪೂರ್ತಿ ಇತಿಹಾಸ ಇರಬೇಕು. ನಾನು ಡೆಪ್ತ್ 1 ಕೊಟ್ಟು (ಅಂದರೆ ಕೊನೆ ಕಮಿಟ್ ಒಂದನ್ನೇ) ಕ್ಲೋನ್ ಮಾಡಿದ್ದೆ, ಎಲ್ಲಕ್ಕೂ ಒಂದೇ ಸಮಯ ಬಂತು. ಅನ್‌ಶಾಲೋ ಆಯ್ಕೆ ಕೊಟ್ಟು ಫೆಚ್ ಮಾಡಿ ಉಳಿದ ಇತಿಹಾಸ ತರಿಸಿಕೊಂಡ ಮೇಲೆ ಸರಿಹೋಯಿತು.

ಗೊಂಬೆ ಫೋಟೋಗಳಿಗೆ ಮಾತ್ರ ಕಮಿಟ್ ತಾರೀಖನ್ನೂ ನಂಬಬೇಡಿ. ತೆಗೆದ ದಿನವೇ ಬೇರೆ, ಸೇರಿಸಿದ ದಿನವೇ ಬೇರೆ. ಕ್ಯಾಮೆರಾ ಬರೆದ ದಿನಾಂಕ ಫೋಟೋದ ಒಳಗೇ ಎಕ್ಸಿಫ್ ಎಂಬ ಮಾಹಿತಿಯಲ್ಲಿರುತ್ತದೆ, ಎಕ್ಸಿಫ್‌ಟೂಲ್‌ನಿಂದ ಅದನ್ನೇ ಫೈಲಿಗೆ ಹಾಕಬಹುದು. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಬಂದವುಗಳಲ್ಲಿ ಅದು ಅಳಿಸಿಹೋಗಿರುತ್ತದೆ. ಅಂಥವಕ್ಕೆ ಗೊಂಬೆ ಮಾಡಿದವರನ್ನು ಕೇಳಿ, ಫೈಲ್ ಹೆಸರಿನಲ್ಲೇ ದಿನಾಂಕ ಬರೆದಿಡಿ.