ಪದಚರ್ಚೆ: ಡ್ರೈವರ್ ಕೋಡಿನ ‘ಕ್ಲೀನಪ್’ಗೆ ಏನನ್ನೋಣ?

ಪ್ರಶ್ನೆ (ಮೈಸೂರಿನಿಂದ): ಲಿನಕ್ಸ್ ಕರ್ನಲ್ ಡ್ರೈವರ್ (ಸಾಧನಗಳನ್ನು ನಡೆಸುವ ಕೋಡು) ಕಲಿಯುವವರಿಗೆ ಕನ್ನಡದಲ್ಲಿ ಕೈಪಿಡಿ ತಯಾರಾಗುತ್ತಿದೆ. ‘ಕ್ಲೀನಪ್’ ಬಂದಲ್ಲೆಲ್ಲ ‘ಸ್ವಚ್ಛಗೊಳಿಸು’ ಎಂದು ಹಾಕಿದ್ದೇವೆ. ಆದರೆ ‘ಪ್ರೋಬ್ ವಿಫಲವಾದರೆ ಸ್ವಚ್ಛಗೊಳಿಸಿ’ (ಪ್ರೋಬ್ ಅಂದರೆ ಸಾಧನ ಸಿಕ್ಕಾಗ ಅದನ್ನು ಸಜ್ಜುಮಾಡುವ ಫಂಕ್ಷನ್) ಅನ್ನುವುದು ಓದಿದವರಿಗೆ ಅರ್ಥವಾಗುತ್ತಿಲ್ಲ. ಬೇರೆ ಪದ ಉಂಟೆ?

ಉತ್ತರ (ಮಂಡ್ಯದಿಂದ): ಒಂದೇ ಪದ ಸಾಲದು ಸಾರ್, ಕೆಲಸವೇ ಎರಡು.

ಕೋಡನ್ನು ಓರಣ ಮಾಡುವುದಕ್ಕೆ ‘ಹಸನು ಮಾಡು’ ಎನ್ನಿ. ನಮ್ಮ ಕಡೆ ಅಕ್ಕಿ ಹಸನು ಮಾಡುವುದೆಂದರೆ ಕಲ್ಲು, ನೆಲ್ಲು ಆರಿಸಿ ತೆಗೆಯುವುದು. ಅಕ್ಕಿ ಅಕ್ಕಿಯಾಗೇ ಇರುತ್ತದೆ. ಇಲ್ಲೂ ಡ್ರೈವರಿನ ವರ್ತನೆ ಬದಲಾಗಕೂಡದು. 2008ರ ಕರ್ನಲ್ 2.6.28ರಲ್ಲಿ ಬಂದ ಸ್ಟೇಜಿಂಗ್ ಡೈರೆಕ್ಟರಿಯಲ್ಲಿ (ಇನ್ನೂ ಪಕ್ವವಾಗದ ಡ್ರೈವರ್‌ಗಳ ಜಾಗ) ನಡೆಯುವುದು ಹೆಚ್ಚಾಗಿ ಇದೇ: ಬಾಕಿ ಕೆಲಸಗಳ ಟೂಡೂ ಕಡತ ಓದಿ, ಕೋಡಿನ ಶೈಲಿ ನೋಡುವ ಚೆಕ್‌ಪ್ಯಾಚ್ ಓಡಿಸಿ, ಒಂದು ಬಗೆಯ ತಿದ್ದುಪಡಿಗೆ ಒಂದು ಪ್ಯಾಚ್ (ಬದಲಾವಣೆಯ ಕಡತ). ಇಂಡೆಂಟ್ ಸರಿಮಾಡುವ ಪ್ಯಾಚಿನೊಳಗೆ ಬಗ್ ಫಿಕ್ಸ್ ತುರುಕಿದರೆ ಪರಿಶೀಲಿಸುವವರ ಕಣ್ಣಿಗೆ ಅದು ಬೀಳುವುದಿಲ್ಲ, ಹಳೆಯ ಸ್ಟೇಬಲ್ ಆವೃತ್ತಿಗೆ ಒಯ್ಯುವುದೂ ಕಷ್ಟ.

ನಿಮ್ಮ ಪ್ರೋಬ್ ವಾಕ್ಯಕ್ಕೆ ಬೇಕಾದದ್ದು ‘ತೆರವು’. ಸಾಧನದ ಕ್ಲಾಕ್ ಚಾಲೂ ಮಾಡಿ, ಇಂಟರಪ್ಟ್ (ಗಮನ ಸೆಳೆಯಲು ಸಾಧನ ಕೊಡುವ ಸೂಚನೆ) ಪಡೆದು, ಆಮೇಲೆ ನೋಂದಣಿ ಸೋತರೆ, ಮೊದಲು ಇಂಟರಪ್ಟ್ ಬಿಡಬೇಕು, ಕ್ಲಾಕ್ ನಿಲ್ಲಿಸುವುದು ನಂತರ. ‘ಪಡೆದದ್ದನ್ನು ಕೊನೆಯದರಿಂದ ಮೊದಲಿಗೆ ತೆರವು ಮಾಡಿ’ ಎಂದರೆ ಗೋಟು ಲೇಬಲ್‌ಗಳ (ಸೋತಾಗ ಕೋಡು ಜಿಗಿಯುವ ಜಾಗಗಳ) ಸಾಲೂ ಗೊತ್ತಾಗಿಬಿಡುತ್ತದೆ.

ಪಡೆದದ್ದನ್ನು ಸಾಧನ ಕಳಚಿದಾಗ ಕರ್ನಲ್ಲೇ ಬಿಡಿಸುವ ಡೆವ್‌ಎಂ ಫಂಕ್ಷನ್‌ಗಳದ್ದು ‘ತಾನೇ ತೆರವು’. ಇಲ್ಲಿ ಎಡವುವವರು ಬಹಳ. ಡೆವ್‌ಎಂ ಮೂಲಕ ಪಡೆದ ಇಂಟರಪ್ಟ್ ಬಿಡುಗಡೆಯಾಗುವುದು ರಿಮೂವ್ (ಸಾಧನ ಕಳಚಿದಾಗ ಓಡುವ ಡ್ರೈವರಿನ ಫಂಕ್ಷನ್) ಮುಗಿದ ಮೇಲೆ. ಹ್ಯಾಂಡ್ಲರ್ (ಇಂಟರಪ್ಟ್ ಬಂದಾಗ ಓಡುವ ಫಂಕ್ಷನ್) ಬಳಸುವ ಬಫರನ್ನು ರಿಮೂವ್ ಒಳಗೇ ಕೆಫ್ರೀ ಮಾಡಿ ಮೆಮೊರಿ ಬಿಟ್ಟುಕೊಟ್ಟರೆ, ನಡುವೆ ಇಂಟರಪ್ಟ್ ಬಂದಾಗ ಅದು ಆ ಮೆಮೊರಿಗೇ ಕೈ ಹಾಕುತ್ತದೆ. ಬೇರೆ ಸಾಧನಗಳೊಡನೆ ಹಂಚಿಕೊಂಡ ಇಂಟರಪ್ಟ್ ಲೈನ್ ಆದರಂತೂ ನಮ್ಮ ಸಾಧನ ಸುಮ್ಮನಿದ್ದರೂ ಹ್ಯಾಂಡ್ಲರ್ ಓಡೀತು. ಬಫರನ್ನೂ ಡೆವ್‌ಎಂ ಮೂಲಕವೇ, ಇಂಟರಪ್ಟಿಗಿಂತ ಮೊದಲು ಪಡೆದರೆ, ಕೊನೆಗೆ ಪಡೆದದ್ದು ಮೊದಲು ಬಿಡುಗಡೆಯಾಗುವುದರಿಂದ ತೆರವಿನ ಸರದಿ ಸರಿಹೋಗುತ್ತದೆ. ಕೈಪಿಡಿಯಲ್ಲಿ ಇದಕ್ಕೊಂದು ಎಚ್ಚರಿಕೆಯ ಚೌಕಟ್ಟು ಹಾಕಿ.

2023ರ ಕರ್ನಲ್ 6.5ರಲ್ಲಿ ಬಂದ ಕ್ಲೀನಪ್ ಹೆಡರ್ ಕಡತದ ಹೆಸರನ್ನು ಮಾತ್ರ ಹಾಗೇ ಬಿಡಿ, ಕಡತದ ಹೆಸರು ಅನುವಾದಿಸಿದರೆ ಹುಡುಕಿದವರಿಗೆ ಸಿಗದು. ಬ್ಲಾಕ್ ಮುಗಿದೊಡನೆ ತಾನೇ ಬಿಡುವ ಅದರ ಸೌಲಭ್ಯವನ್ನೂ ಗೋಟುವನ್ನೂ ಒಂದೇ ಫಂಕ್ಷನ್‌ನಲ್ಲಿ ಬೆರೆಸಬಾರದೆಂದು ಅದರಲ್ಲೇ ಬರೆದಿದೆ. ಅದೂ ‘ತೆರವು’ ಅಧ್ಯಾಯಕ್ಕೇ ಸೇರಲಿ.